ಚಿತ್ರಗುಪ್ತನಿಲ್ಲದ ನರಕ

ಮುಂಬಯಿಯ ಕಾಲಾ ಘೋಡಾ ಭಾಗದಲ್ಲಿ ಏಳು ಮಂದಿ ಚಿತ್ರಕಾರರು ಸೇರಿ ನಡೆಸಿದ ಒಂದು ಪ್ರದರ್ಶನದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ವಿಷಯ ಸ್ವರ್ಗ ಮತ್ತು ನರಕ. ಏಳು ಮಂದಿಯೂ ಬೇರೆ ಬೇರೆ ರಾಜ್ಯಗಳಿಂದ ಬಂದು ಈ ನಗರದಲ್ಲಿ ನೆಲೆಸಿದವರು. ಹೆಚ್ಚಿನವರು ಇನ್ನೂ ಚಿಕ್ಕ ವಯಸ್ಸಿನವರು, ಕೆಲವರಿಗೆ ಇದು ಮೊದಲನೆಯ ಪ್ರದರ್ಶನ. ಹಾಗಾಗಿ ಹೆಸರು ಹಿಡಿದು ಹೇಳುವುದಿಲ್ಲ. ಮಾತು ಚಿತ್ರಗಳ ಮೇಲಿರಲಿ, ಬರೆದವರ ಮೇಲೆ ಬೇಡ.

ಬ್ಯಾಂಕಿನಲ್ಲಿ ಆಯುಷ್ಯ ಕಳೆದವನಿಗೆ ಎಲ್ಲಿ ಹೋದರೂ ಮೊದಲು ಎಣಿಸುವ ಚಟ. ಒಟ್ಟು 31 ಚಿತ್ರ. ನರಕದ್ದು 18, ಸ್ವರ್ಗದ್ದು 10, ಯಾವುದಕ್ಕೂ ಸೇರಿಸಲಾಗದವು 3. ನರಕದ ಪಾಲು ಹೆಚ್ಚಾದದ್ದರಲ್ಲಿ ಆಶ್ಚರ್ಯವಿಲ್ಲ. ಸುಖವನ್ನು ಬರೆಯುವುದು ಯಾವ ಕಾಲದ ಕಲಾವಿದನಿಗೂ ಕಷ್ಟ. ಹೂವು, ನದಿ, ಬೆಳಕು ಇಷ್ಟಾದ ಮೇಲೆ ಕೈ ನಿಂತುಬಿಡುತ್ತದೆ. ಆದರೆ ನನ್ನನ್ನು ತಡೆದು ನಿಲ್ಲಿಸಿದ ಲೆಕ್ಕ ಬೇರೆ. 18 ನರಕಗಳಲ್ಲಿ 15 ಮುಂಬಯಿ. 10 ಸ್ವರ್ಗಗಳಲ್ಲಿ 9 ಹಳ್ಳಿ. ಇದನ್ನು ಕಾಕತಾಳೀಯ ಅಂತ ಬಿಡುವ ಹಾಗಿಲ್ಲ. ಏಳು ಮಂದಿ, ಏಳು ಊರು, ಏಳು ಭಾಷೆ. ತೀರ್ಪು ಮಾತ್ರ ಒಂದೇ. ಬಿಟ್ಟು ಬಂದದ್ದು ಸ್ವರ್ಗ, ಬಂದು ಸೇರಿದ್ದು ನರಕ.

ಮೊದಲು ನರಕವನ್ನೇ ನೋಡೋಣ, ಯಾಕೆಂದರೆ ಕೈಚಳಕ ಇರುವುದು ಅಲ್ಲಿ. ಒಂದು ದೊಡ್ಡ ಕ್ಯಾನ್‌ವಾಸಿನಲ್ಲಿ ಲೋಕಲ್ ಟ್ರೈನಿನ ಬಾಗಿಲು. ನೇತಾಡುವ ದೇಹಗಳಿಗೆ ಮುಖವಿಲ್ಲ, ಬರೀ ಬೆನ್ನು, ಕಂಕುಳು, ಚೀಲ, ಹಿಡಿಕೆಗೆ ಜೋತುಬಿದ್ದ ಬೆರಳುಗಳು. ಬಣ್ಣವನ್ನು ಚಾಕುವಿನಿಂದ ಮೆತ್ತಿ ಮೆತ್ತಿ ಇಟ್ಟಿದ್ದಾರೆ; ಹತ್ತಿರ ನಿಂತರೆ ಬೆವರಿನ ಬಿಸಿ ತಾಗುತ್ತದೆ ಅನ್ನಿಸಬೇಕು, ಹಾಗೆ. ಇನ್ನೊಂದರಲ್ಲಿ ಎತ್ತರದ ಕಟ್ಟಡವೊಂದರ ಕಿಟಕಿಗಳು, ಒಂದೊಂದು ಕಿಟಕಿಯಲ್ಲಿ ಒಂದೊಂದು ಒಲೆ, ಒಂದೊಂದು ಒಲೆಯಲ್ಲಿ ಒಬ್ಬ ಮನುಷ್ಯ. ಮೂರನೆಯದು 2005ರ ಜುಲೈ 26ರ ಮಳೆ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಆ ದಿನವನ್ನು ಇಲ್ಲಿದ್ದವರು ಯಾರೂ ಮರೆತಿಲ್ಲ. ಕಂದು ನೀರು, ಅದರಲ್ಲಿ ಮುಳುಗಿದ ಕಾರುಗಳ ಮಾಡು, ಮೇಲೆ ಕಪ್ಪು ಆಕಾಶ, ಎಲ್ಲೋ ಒಂದೆರಡು ತಲೆ.

ಮೂರೂ ಕಣ್ಣು ಹಿಡಿಯುವ ಚಿತ್ರಗಳೇ. ಆದರೆ ಮೂರರ ಮುಂದೆಯೂ ನನಗೆ ಹುಟ್ಟಿದ ಪ್ರಶ್ನೆ ಒಂದೇ: ಇವರು ಮಾಡಿದ ತಪ್ಪೇನು?

ಇದು ತಮಾಷೆಯ ಪ್ರಶ್ನೆ ಅಲ್ಲ. ನರಕ ಅನ್ನುವ ಮಾತಿಗೆ ಅರ್ಥ ಬರುವುದೇ ಈ ಪ್ರಶ್ನೆಯಿಂದ. ನಮ್ಮ ದೇಶದಲ್ಲಿ ನರಕದ ಚಿತ್ರ ತೋರಿಸುವ ಕಸುಬು ಬಹಳ ಹಳೆಯದು. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಚಾಣಕ್ಯನ ಗೂಢಚಾರ ಮನೆ ಮನೆಗೆ ಹೋಗುವುದು ಯಮಪಟ ತೋರಿಸುವವನ ವೇಷದಲ್ಲಿ. ಏಳನೆಯ ಶತಮಾನದ ಬಾಣಭಟ್ಟನ ಹರ್ಷಚರಿತದಲ್ಲಿ, ತಂದೆಗೆ ಕಾಯಿಲೆ ಎಂಬ ಸುದ್ದಿ ಕೇಳಿ ಓಡೋಡಿ ಬರುವ ಹರ್ಷನಿಗೆ ಪೇಟೆಬೀದಿಯಲ್ಲಿ ಅಂಥವನೊಬ್ಬ ಕಾಣುತ್ತಾನೆ. ಸುತ್ತ ಮಕ್ಕಳ ಗುಂಪು. ಅವನು ಕೋಲಿನಿಂದ ಕೋಣದ ಮೇಲಿನ ಯಮನನ್ನು ತೋರಿಸುತ್ತಾ ಪರಲೋಕದ ಕಥೆ ಹೇಳುತ್ತಿರುತ್ತಾನೆ. ಬಂಗಾಳದ ಮೇದಿನೀಪುರದ ಪಟುವಾಗಳು ಇವತ್ತಿಗೂ ಸುರುಳಿ ಬಿಚ್ಚುತ್ತಾ ಹಾಡುತ್ತಾರೆ. ಕೆಲವು ಸುರುಳಿಗಳು ಮುಗಿಯುವುದೇ ಯಮನ ಆಸ್ಥಾನದಲ್ಲಿ. ಉತ್ತರದ ಸಂತೆ ಜಾತ್ರೆಗಳಲ್ಲಿ ಮಾರುತ್ತಿದ್ದ 'ಕರ್ನಿ ಭರ್ನಿ' ಎಂಬ ಅಚ್ಚಿನ ಚಿತ್ರಗಳೂ ಇದೇ ವಂಶದವು. ನಮ್ಮ ಮಾತಿನಲ್ಲಿ ಹೇಳುವುದಾದರೆ 'ಮಾಡಿದ್ದುಣ್ಣೋ ಮಹಾರಾಯ'. ನಡುವೆ ಯಮನ ದರ್ಬಾರು, ಸುತ್ತ ಚಿಕ್ಕ ಚಿಕ್ಕ ಚೌಕಗಳು: ತೂಕದಲ್ಲಿ ಮೋಸ ಮಾಡಿದವನಿಗೆ ಇಂಥ ಶಿಕ್ಷೆ, ಸುಳ್ಳು ಸಾಕ್ಷಿ ಹೇಳಿದವನಿಗೆ ಇಂಥದ್ದು.

ಈ ಚಿತ್ರಗಳಲ್ಲಿ ಕಲೆ ಒರಟು, ಒಪ್ಪೋಣ. ಶಿಕ್ಷೆಗಳು ಕ್ರೂರ, ಕೆಲವು ಪಾಪಗಳ ಪಟ್ಟಿ ಇವತ್ತಿಗೆ ಒಪ್ಪತಕ್ಕದ್ದೂ ಅಲ್ಲ. ಆದರೆ ಅವುಗಳಲ್ಲಿ ಒಬ್ಬನಿದ್ದ: ಚಿತ್ರಗುಪ್ತ. ಖಾತೆ ಪುಸ್ತಕ ತೆರೆದು ಕೂತ ಗುಮಾಸ್ತ. ಅವನಿರುವುದರಿಂದ ನೋಡುವವನು ಕೈ ತೋರಿಸಿ ಕೇಳಬಹುದಿತ್ತು, ಇದು ಯಾಕೆ, ಇವನ ಹೆಸರಿನಲ್ಲಿ ಏನು ಬರೆದಿದೆ ಅಂತ. ಅಂದರೆ ಪ್ರತಿಯೊಂದು ನೋವಿನ ಹಿಂದೆ ಒಂದು ವೋಚರು ಇತ್ತು. ತಕ್ಕಡಿಯಲ್ಲಿ ಮೋಸ ಮಾಡುವ ಅಂಗಡಿಯವನು ಜಾತ್ರೆಯಲ್ಲಿ ಆ ಚೌಕದ ಮುಂದೆ ನಿಂತು ಉಗುಳು ನುಂಗುತ್ತಿದ್ದ. ನರಕದ ಚಿತ್ರದ ಕೆಲಸ ಅದು.

ಕಾಲಾ ಘೋಡಾದ ನರಕದಲ್ಲಿ ಚಿತ್ರಗುಪ್ತ ಇಲ್ಲ. ಟ್ರೈನಿನ ಬಾಗಿಲಲ್ಲಿ ನೇತಾಡುವವನು ಏನೂ ಮಾಡಿದವನಲ್ಲ. ಕೆಲಸಕ್ಕೆ ಹೋಗುತ್ತಿದ್ದಾನೆ, ಅಷ್ಟೆ. ಅಪರಾಧವಿಲ್ಲದ ಶಿಕ್ಷೆಯನ್ನು ನರಕ ಅನ್ನಲಾಗದು. ಅದನ್ನು ಅನ್ಯಾಯ ಅನ್ನಬೇಕು. ಅನ್ಯಾಯವನ್ನು ಬರೆಯುವುದಾದರೆ ಅನ್ಯಾಯ ಮಾಡಿದವನೂ ಚಿತ್ರದಲ್ಲಿ ಎಲ್ಲೋ ಇರಬೇಕಲ್ಲವೇ? ಗಿರಣಿ ಜಾಗವನ್ನು ಮಾರಿಕೊಂಡವರು, ಚರಂಡಿಯ ಮೇಲೆ ಕಟ್ಟಡ ಎಬ್ಬಿಸಿದವರು, ಅದಕ್ಕೆ ಸಹಿ ಹಾಕಿದವರು? 18ರಲ್ಲಿ ಒಂದರಲ್ಲೂ ಇಲ್ಲ. ಮುಂಬಯಿಯ ಮಳೆನೀರು ಸಮುದ್ರಕ್ಕೆ ಹೋಗದೆ ಬೀದಿಯಲ್ಲಿ ನಿಂತದ್ದಕ್ಕೆ ಮೀಠಿ ನದಿಯ ಪಾತ್ರವನ್ನು ಒತ್ತುವರಿ ಮಾಡಿದ್ದೂ ಒಂದು ಕಾರಣ. ಚಿತ್ರದಲ್ಲಿ ನೀರು ಮಾತ್ರ ಇದೆ, ಒತ್ತುವರಿ ಇಲ್ಲ. ಇನ್ನೊಂದು ಕೊರತೆ ಅದಕ್ಕಿಂತ ದೊಡ್ಡದು. ಆ ರಾತ್ರಿ ಈ ನಗರದಲ್ಲಿ ಹಗ್ಗ ಹಿಡಿದು ಸಾಲಾಗಿ ನಿಂತು ಗುರುತು ಪರಿಚಯ ಇಲ್ಲದವರನ್ನು ದಾಟಿಸಿದ ಹುಡುಗರಿದ್ದರು, ನೀರಿನಲ್ಲಿ ಸಿಕ್ಕಿಕೊಂಡವರಿಗೆ ಚಹಾ ಬಿಸ್ಕತ್ತು ಹಂಚಿದ ಝೋಪಡಿಯ ಹೆಂಗಸರಿದ್ದರು. ನರಕವೇ ಆಗಿದ್ದರೆ ಅಲ್ಲಿ ಯಾರೂ ಇನ್ನೊಬ್ಬರ ಕೈ ಹಿಡಿಯುತ್ತಿರಲಿಲ್ಲ. ಆ ಹಗ್ಗವನ್ನು ಬರೆಯದ ಚಿತ್ರ ಆ ಮಳೆಯ ಅರ್ಧ ಚಿತ್ರ.

ಇನ್ನು ಸ್ವರ್ಗಕ್ಕೆ ಬರೋಣ. ಏಳು ಮಂದಿಯಲ್ಲಿ ಒಬ್ಬರು ನಮ್ಮ ಕರಾವಳಿ ಕಡೆಯವರು. ಅವರ ಚಿತ್ರವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದೆ. ಹೆಂಚಿನ ಮನೆ, ತುಳಸಿಕಟ್ಟೆ, ಸೆಗಣಿ ಸಾರಿಸಿದ ಅಂಗಳ, ಅಂಗಳದಲ್ಲಿ ಭತ್ತದ ರಾಶಿ, ಬಾವಿಕಟ್ಟೆಯ ಮೇಲೆ ತಾಮ್ರದ ಕೊಡ, ಹಿಂದೆ ಅಡಿಕೆ ತೋಟ. ಸಂಜೆಯ ಬೆಳಕು ಚೆನ್ನಾಗಿ ಬಂದಿದೆ. ಮಳೆಗಾಲ ಕಳೆದ ಮೇಲೆ ಹೆಂಚಿನ ಮೇಲಿರುವ ಪಾಚಿಯ ಹಸಿರನ್ನು ಕಣ್ಣಿಟ್ಟು ನೋಡಿದವರಿಗೆ ಮಾತ್ರ ಹೀಗೆ ಬರೆಯಲು ಸಾಧ್ಯ. ಆ ಹಸಿರಿಗೆ ಪೂರ್ತಿ ಮಾರ್ಕು.

ಆದರೆ ನೋಡಿ, ಚಿತ್ರದಲ್ಲಿ ಜನ ಇಲ್ಲ. ಕೊಡ ಇದೆ, ನೀರು ಸೇದುವವಳಿಲ್ಲ. ಭತ್ತ ಇದೆ, ಬಡಿದವರಿಲ್ಲ. ಅಂಗಳ ಇದೆ, ಅದನ್ನು ಸಾರಿಸಿದ ಕೈ ಇಲ್ಲ. ಉಳಿದ ಎಂಟು ಹಳ್ಳಿಗಳಲ್ಲೂ ಇದೇ ಕಥೆ. ಹೆಚ್ಚೆಂದರೆ ಜಗಲಿಯ ಮೇಲೆ ಒಬ್ಬ ಅಜ್ಜಿ, ಕೊಟ್ಟಿಗೆಯಲ್ಲಿ ಒಂದು ಹಸು. ಈ ಸ್ವರ್ಗ ಖಾಲಿಯಾಗಿರುವುದರಿಂದಲೇ ಸ್ವರ್ಗವಾಗಿದೆ. ಜನರನ್ನು ಬರೆದಿದ್ದರೆ ಯಾರು ಜಗಲಿಯ ಮೇಲೆ, ಯಾರು ಅಂಗಳದಲ್ಲಿ, ಯಾರು ಅಂಗಳದ ಆಚೆ ಅಂತ ಬರೆಯಬೇಕಾಗುತ್ತಿತ್ತು. ಆಗ ಚಿತ್ರಗುಪ್ತ ತಾನಾಗಿಯೇ ಬಂದು ಕೂರುತ್ತಿದ್ದ.

ಅಂಗಳದ ಆ ಭತ್ತದ ರಾಶಿ ಯಾರದು? ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಒಂದು ಇಸವಿ ಇದೆ. 1974ರಲ್ಲಿ ದೇವರಾಜ ಅರಸರ ಸರಕಾರ ಭೂಸುಧಾರಣೆಯ ಕಾಯಿದೆಯನ್ನು ಬಿಗಿ ಮಾಡುವ ತನಕ ಎಷ್ಟೋ ಮನೆಗಳ ಅಂಗಳದಲ್ಲಿ ಅಳೆಯುತ್ತಿದ್ದದ್ದು ಬೇರೆಯವರು ಬೆಳೆದ ಗೇಣಿ ಅಕ್ಕಿ, ಗೇಣಿ ಭತ್ತ. ಅಳೆದು ಹಾಕುವವನು ಅಂಗಳದಲ್ಲಿ ನಿಲ್ಲುತ್ತಿದ್ದ, ಲೆಕ್ಕ ಬರೆಯುವವನು ಜಗಲಿಯಲ್ಲಿ ಕೂರುತ್ತಿದ್ದ. ಅದೇ ರಾಶಿಯನ್ನು ಅಂಗಳದಿಂದ ನೋಡಿದರೆ ಒಂದು ಚಿತ್ರ, ಜಗಲಿಯಿಂದ ನೋಡಿದರೆ ಇನ್ನೊಂದು. ಪ್ರದರ್ಶನದ ಒಂಬತ್ತು ಸ್ವರ್ಗಗಳನ್ನೂ ಜಗಲಿಯಲ್ಲಿ ಕೂತೇ ಬರೆದದ್ದು.

ಅಂಗಳದಿಂದ ಬಂದವರನ್ನು ನಾನು ಇದೇ ಫೋರ್ಟ್ ಭಾಗದ ಶಾಖೆಯೊಂದರ ಕೌಂಟರಿನಲ್ಲಿ ವರ್ಷಗಟ್ಟಲೆ ನೋಡಿದ್ದೇನೆ. ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆಯಲು ಬಂದ ಹುಡುಗರು. ಹಗಲು ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ, ತಿಂಗಳ ಮೊದಲ ವಾರ ಊರಿಗೆ ಮನಿಯಾರ್ಡರೋ ಡಿ.ಡಿ.ಯೋ. ಅವರಲ್ಲಿ ಒಬ್ಬ, ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಖಾತೆ ತೆರೆಯಲು ಬಂದವನು, ಊರಿಗೆ ವಾಪಸು ಹೋಗುತ್ತೀಯೇನಪ್ಪಾ ಅಂತ ಕೇಳಿದರೆ, "ರಜೆಗೆ ಹೋಗ್ತೇನೆ ಸಾರ್, ಇರ್ಲಿಕ್ಕೆ ಹೋಗುದಿಲ್ಲ. ಇಲ್ಲಿ ಫುಟ್‌ಪಾತಲ್ಲಿ ಮಲಗಿದ್ರೂ ಯಾರ ಮಗ ಅಂತ ಯಾರೂ ಕೇಳುದಿಲ್ಲ" ಅಂದಿದ್ದ. ಅವನ ಲೆಕ್ಕಕ್ಕೆ ಈ ಪ್ರದರ್ಶನದಲ್ಲಿ ಒಂದು ಗೋಡೆಯೂ ಸಿಗಲಿಲ್ಲ.

ಈ ಮಾತನ್ನು ಅವನಿಗಿಂತ ಗಟ್ಟಿಯಾಗಿ ಹೇಳಿದವರು ಅಂಬೇಡ್ಕರ್. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತಾ, ಹಳ್ಳಿಯನ್ನು ಹೊಗಳುವವರಿಗೆ ಅವರು ಮುಖ ನೋಡದೆ ಉತ್ತರ ಕೊಟ್ಟರು: ಅದು ಸಣ್ಣತನದ, ಅಜ್ಞಾನದ, ಕೋಮುವಾದದ ಗೂಡು ಎಂಬುದೇ ಅವರ ಅಭಿಪ್ರಾಯವಾಗಿತ್ತು. ಅವರು ವರ್ಷಗಟ್ಟಲೆ ಬದುಕಿ ಓದಿದ್ದು ಇದೇ ನಗರದ ಪರೇಲಿನ ಚಾಳಿನ ಖೋಲಿಯಲ್ಲಿ. ಇಲ್ಲಿಯ ಕಲಾವಿದರು ಚಾಳನ್ನು ನರಕ ಅಂತ ಬರೆಯುವಾಗ ಆ ಖೋಲಿಯೊಳಗೆ ಒಂದು ದೀಪ ಉರಿಯುತ್ತಿದ್ದದ್ದನ್ನು ನೆನೆಯಬಹುದಿತ್ತು.

ಹಾಗಂತ ಮುಂಬಯಿಯನ್ನು ಸ್ವರ್ಗಕ್ಕೆ ಏರಿಸಲು ನಾನು ಹೊರಟಿಲ್ಲ. ಹೋಟೆಲಿನೊಳಗೂ ಅಡುಗೆಗೆ ಯಾರು, ತೊಳೆಯಲಿಕ್ಕೆ ಯಾರು ಎಂಬ ಲೆಕ್ಕ ಇತ್ತು. ಇವತ್ತಿಗೂ ಇಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮೊದಲು ಕೇಳುವುದು ಅಡ್ಡಹೆಸರು, ಎರಡನೆಯದು ಏನು ತಿನ್ನುತ್ತೀರಿ ಅಂತ. ನನ್ನ ತಕರಾರು ಯಾವುದು ಸ್ವರ್ಗ ಎಂಬುದರ ಬಗ್ಗೆ ಅಲ್ಲ. ಜಾಗಕ್ಕೆ ಹೆಸರು ಹಚ್ಚುವ ಕ್ರಮದ ಬಗ್ಗೆ. ಸ್ವರ್ಗ ನರಕಗಳು ಪಿನ್‌ಕೋಡಿನಲ್ಲಿಲ್ಲ. ಬಸವಣ್ಣನವರು ಎಂಟುನೂರು ವರ್ಷಗಳ ಹಿಂದೆಯೇ ಅವೆರಡನ್ನೂ ಪರಲೋಕದಿಂದ ಇಳಿಸಿ, ಮನುಷ್ಯ ಮನುಷ್ಯನನ್ನು ಮಾತಾಡಿಸುವ ರೀತಿಯಲ್ಲಿ ತಂದಿಟ್ಟರು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರು ಬಿಟ್ಟವರೆಲ್ಲ ಊರನ್ನೇ ಸ್ವರ್ಗ ಮಾಡಿಕೊಳ್ಳುತ್ತಾರೆ, ಅದು ಸಹಜ ಅಂತ ಯಾರಾದರೂ ಹೇಳಬಹುದು. ಸಹಜವೇನೋ ನಿಜ, ಆದರೆ ಎಲ್ಲರೂ ಹಾಗೆ ಮಾಡಿಲ್ಲ. ಪ್ರದರ್ಶನ ನಡೆದ ಜಾಗದಿಂದ ನಡೆದುಹೋಗುವಷ್ಟು ದೂರದಲ್ಲಿ, ಟೌನ್‌ಹಾಲಿನ ಏಷ್ಯಾಟಿಕ್ ಸೊಸೈಟಿಯಲ್ಲಿ, ಡಾಂಟೆಯ ಡಿವೈನ್ ಕಾಮಿಡಿಯ ಬಹಳ ಹಳೆಯ ಹಸ್ತಪ್ರತಿಯೊಂದಿದೆ. ಸ್ವರ್ಗ ನರಕಗಳ ಬಗ್ಗೆ ಯುರೋಪಿನಲ್ಲಿ ಬಂದ ಅತಿ ದೊಡ್ಡ ಕಾವ್ಯ ಅದು. ಬರೆದವನು ಊರು ಬಿಟ್ಟವನು, ಅಥವಾ ಬಿಡಿಸಲ್ಪಟ್ಟವನು. 1302ರಲ್ಲಿ ಫ್ಲಾರೆನ್ಸ್ ಅವನನ್ನು ಗಡೀಪಾರು ಮಾಡಿತು. 1321ರಲ್ಲಿ ರವೆನ್ನಾದಲ್ಲಿ ಸಾಯುವ ತನಕ ಅವನು ಹಿಂದಿರುಗಲಿಲ್ಲ. ಅಷ್ಟು ಊರ ಹಂಬಲವಿದ್ದೂ ಅವನು ಫ್ಲಾರೆನ್ಸನ್ನು ಸ್ವರ್ಗವೆಂದು ಬರೆಯಲಿಲ್ಲ. ತನ್ನ ಊರಿನವರನ್ನು ಹೆಸರು ಹಿಡಿದು ನರಕದಲ್ಲಿ ಕೂರಿಸಿದ, ತಾನು ಗೌರವಿಸುತ್ತಿದ್ದ ಗುರುವನ್ನೂ ಬಿಡಲಿಲ್ಲ. ಪ್ರೀತಿ ಬೇರೆ, ಲೆಕ್ಕ ಬೇರೆ ಅಂತ ತಿಳಿದವನು. ನಮ್ಮಲ್ಲಿ ಯಶವಂತ ಚಿತ್ತಾಲರು ಹನೇಹಳ್ಳಿಯಿಂದ ಮುಂಬಯಿಗೆ ಬಂದವರು. ಹನೇಹಳ್ಳಿಯನ್ನು ಅವರಷ್ಟು ಪ್ರೀತಿಯಿಂದ ಬರೆದವರು ಕಡಿಮೆ. ಆದರೂ 1979ರ ಅವರ 'ಶಿಕಾರಿ'ಯಲ್ಲಿ ನಾಗಪ್ಪನನ್ನು ಬೆನ್ನಟ್ಟುವವರಲ್ಲಿ ಮುಂಬಯಿಯ ಕಂಪನಿಯ ಸಾಹೇಬರು ಮಾತ್ರ ಇಲ್ಲ, ಊರ ಕಡೆಯಿಂದ ಬಂದವನೂ ಇದ್ದಾನೆ. ಬೇಟೆಗಾರ ನಗರದಲ್ಲಿ ಹುಟ್ಟುತ್ತಾನೆ ಅಂತ ಅವರು ನಂಬಲಿಲ್ಲ.

ಚಿತ್ರಕಲೆಯಲ್ಲೇ ಬೇಕೆಂದರೆ ಜೈನರ ಲೋಕಪುರುಷನನ್ನು ನೋಡಬೇಕು. ಇಡೀ ವಿಶ್ವವೇ ಕಾಲಗಲಿಸಿ ನಿಂತ ಒಬ್ಬ ಮನುಷ್ಯನ ಆಕಾರ. ಸೊಂಟದ ಕೆಳಗೆ ರತ್ನಪ್ರಭೆಯಿಂದ ಮಹಾತಮಃಪ್ರಭೆಯ ತನಕ ಒಂದರ ಕೆಳಗೊಂದು ಏಳು ನರಕ. ಎದೆಯ ಕಡೆಗೆ ಸ್ವರ್ಗಗಳು. ಹಣೆಯ ಮೇಲೆ ಅರ್ಧಚಂದ್ರದಂತೆ ಸಿದ್ಧಶಿಲೆ. ಸೊಂಟದ ಹತ್ತಿರ, ತಟ್ಟೆಯಷ್ಟು ತೆಳ್ಳಗೆ, ನಾವಿರುವ ಮಧ್ಯಲೋಕ. ಇದರ ನಿಯಮಗಳು ನಮ್ಮಂಥ ನೌಕರಿ ಮಾಡಿದವರಿಗೆ ಬೇಗ ಅರ್ಥವಾಗುತ್ತವೆ. ನರಕವೂ ಕಾಯಂ ಅಲ್ಲ, ಸ್ವರ್ಗವೂ ಕಾಯಂ ಅಲ್ಲ. ಮೊದಲ ನರಕದಲ್ಲಿ ಕನಿಷ್ಠ ಅವಧಿ 10,000 ವರ್ಷ. ಕೆಳದರ್ಜೆಯ ದೇವತೆಗಳಿಗೂ ಅಷ್ಟೇ. ಅವಧಿ ಮುಗಿದ ಮೇಲೆ ನರಕದಿಂದ ಸ್ವರ್ಗಕ್ಕಾಗಲಿ ಸ್ವರ್ಗದಿಂದ ನರಕಕ್ಕಾಗಲಿ ನೇರ ವರ್ಗಾವಣೆ ಇಲ್ಲ. ನಡುವೆ ಮನುಷ್ಯನಾಗಿಯೋ ಪ್ರಾಣಿಯಾಗಿಯೋ ಹುಟ್ಟಲೇಬೇಕು. ಮೋಕ್ಷಕ್ಕೆ ಹೋಗುವ ದಾರಿಯಂತೂ ಮನುಷ್ಯ ಜನ್ಮದಿಂದ ಮಾತ್ರ. ಅಂದರೆ ನಿಜವಾದ ವ್ಯವಹಾರ ನಡೆಯುವುದೆಲ್ಲ ಆ ತೆಳ್ಳಗಿನ ತಟ್ಟೆಯಲ್ಲಿ. ಮೇಲೆ ಕೆಳಗೆ ಇರುವುದು ಲೆಕ್ಕ ಚುಕ್ತಾ ಮಾಡುವ ಜಾಗ.

ಈ ಕಣ್ಣಿನಿಂದ ನೋಡಿದಾಗ ಪ್ರದರ್ಶನದಲ್ಲಿ ಉಳಿಯುವುದು ಯಾವುದಕ್ಕೂ ಸೇರದ ಆ ಮೂರು ಚಿತ್ರಗಳು, ಅದರಲ್ಲೂ ಒಂದು. ಬರೆದವರು ಒಬ್ಬ ಹೆಣ್ಣುಮಗಳು. ಅಗಲಕ್ಕೆ ಎರಡಡಿಯೂ ಇಲ್ಲದ ಚಿಕ್ಕ ಚಿತ್ರ, ಬಾಗಿಲ ಸಂದಿಯಲ್ಲಿ ಹಾಕಿದ್ದರಿಂದ ಹಲವರು ನೋಡದೆ ದಾಟಿಹೋದರು. ಒಂದು ಖೋಲಿ. ನೆಲದ ಮೇಲೆ ಎಂಟು ಗಂಡಸರು ಸಾಲಾಗಿ ಮಲಗಿದ್ದಾರೆ, ಒಬ್ಬನ ಕಾಲು ಇನ್ನೊಬ್ಬನ ಚಾದರದ ಮೇಲೆ. ಗೋಡೆಯ ಮೊಳೆಗಳಿಗೆ ಎಂಟು ಅಂಗಿ. ಕೆಳಗೆ ತಗಡಿನ ಪೆಟ್ಟಿಗೆಗಳು, ಒಂದರ ಮುಚ್ಚಳದ ಒಳಗೆ ದೇವರ ಪಟ, ಇನ್ನೊಂದರದರಲ್ಲಿ ಸಿನಿಮಾ ನಟಿ. ಮೂಲೆಯಲ್ಲಿ ಒಂಬತ್ತನೆಯವನು ಬಲ್ಬಿಗೆ ಕಾಗದ ಸುತ್ತಿ, ಬೆಳಕು ತನ್ನ ಪುಸ್ತಕದ ಮೇಲೆ ಮಾತ್ರ ಬೀಳುವ ಹಾಗೆ ಮಾಡಿಕೊಂಡು ಓದುತ್ತಿದ್ದಾನೆ.

ಆ ಕಾಗದ ಸುತ್ತಿದ ಬಲ್ಬಿನಲ್ಲಿ ಇಡೀ ಪ್ರದರ್ಶನಕ್ಕೆ ಉತ್ತರ ಇದೆ. ಒಂಬತ್ತು ಜನ ಒಂದು ಖೋಲಿಯಲ್ಲಿ ಎಂಬುದು ಅನ್ಯಾಯ. ಅದನ್ನು ಆಕೆ ಮುಚ್ಚಿಟ್ಟಿಲ್ಲ. ಗೋಡೆಯ ತೇವ, ಮೈಗೆ ಮೈ ಒತ್ತಿದ ಇಕ್ಕಟ್ಟು ಎಲ್ಲವೂ ಇದೆ. ಮಲಗಿದವರ ನಿದ್ದೆ ಕೆಡಬಾರದೆಂದು ಬೆಳಕನ್ನು ಮರೆಮಾಡಿದ ಕೈಯೂ ಇದೆ. ಮಲಗಿದವರ ಮುಖಗಳು ಬೇರೆ ಬೇರೆ. ಎಂಟು ಮುಖಕ್ಕೂ ಆಕೆ ಸಮಯ ಕೊಟ್ಟಿದ್ದಾರೆ. ಬಣ್ಣ ಮಾತ್ರ ಸ್ವಲ್ಪ ಮಂಕು, ಅಂಗಿಗಳ ಮಡಿಕೆಯಲ್ಲಿ ಅಭ್ಯಾಸ ಸಾಲದು. ಅದು ವರ್ಷ ಕಳೆದಂತೆ ಬರುತ್ತದೆ. ನೋಡುವ ಕಣ್ಣು ಮಾತ್ರ ಕಲಿಸಿ ಬರುವಂಥದ್ದಲ್ಲ.

ಇದಕ್ಕೆ ಹಿರಿಯರ ದಾರಿಯೂ ಇದೆ. ಮುಂಬಯಿಯಲ್ಲಿ ಹುಟ್ಟಿದ ಭೂಪೇನ್ ಖಖ್ಖರ್ ಓದಿದ್ದು ಲೆಕ್ಕಪತ್ರ. ಬರೋಡಾದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಲೇ ಚಿತ್ರ ಬರೆದವರು. ವಾಣಿಜ್ಯ ಓದಿದ ನನ್ನಂಥವರಿಗೆ ಅವರು ಹೆಮ್ಮೆ. 1972ರಲ್ಲಿ ಅವರು ಬರೆದ ಗಡಿಯಾರ ರಿಪೇರಿ ಅಂಗಡಿಯ ಚಿತ್ರದಲ್ಲಿ ಆ ಅಂಗಡಿಯವನನ್ನು ಮೇಲಕ್ಕೂ ಏರಿಸಿಲ್ಲ, ಕೆಳಕ್ಕೂ ತಳ್ಳಿಲ್ಲ. ಅವನ ಜಾಗದಲ್ಲಿ ಅವನನ್ನು ಮರ್ಯಾದೆಯಿಂದ ಕೂರಿಸಿದ್ದಾರೆ. ಠಾಣೆಯಲ್ಲಿ ಎಕ್ಸ್-ರೇ ನೋಡುವ ಡಾಕ್ಟರಾಗಿ ಕೆಲಸ ಮಾಡುತ್ತಲೇ ಸುಧೀರ್ ಪಟವರ್ಧನರು ಕೂಲಿಯವರನ್ನು, ಇರಾನಿ ಹೋಟೆಲನ್ನು, ಗಿರಣಿಗಳು ಹೋಗಿ ಗೋಪುರಗಳು ಎದ್ದ ಲೋವರ್ ಪರೇಲನ್ನು ಬರೆದರು. ಅವರ ನಗರದಲ್ಲಿ ನೋವಿದೆ, ಯಾರ ಜಾಗಕ್ಕೆ ಯಾರು ಬಂದರು ಎಂಬ ಲೆಕ್ಕವೂ ಇದೆ. ನರಕ ಅನ್ನುವ ಸುಲಭದ ಚೀಟಿ ಇಲ್ಲ. ಇವರಿಬ್ಬರೂ ಚಿತ್ರಿಸಿದ್ದು ಲೋಕಪುರುಷನ ಸೊಂಟವನ್ನು.

ಇನ್ನೊಂದು ಮಾತು ಊರಿನಲ್ಲಿರುವ ನಿಮಗೆ. ಈ ತಪ್ಪು ಚಿತ್ರಕ್ಕೆ ನೀವೂ ಬಣ್ಣ ಒದಗಿಸಿದ್ದೀರಿ. ನಾವು ಊರಿಗೆ ಬಂದಾಗ, "ಅಯ್ಯೋ, ಆ ಮುಂಬಯಿಯಲ್ಲಿ ಹೇಗಪ್ಪಾ ಇರ್ತೀರಿ, ನರಕ" ಅಂತ ನೀವು ಅನ್ನುತ್ತೀರಿ. ಕಾಫಿ ಕುಡಿಯುತ್ತಾ ನಾವೂ ತಲೆಯಾಡಿಸುತ್ತೇವೆ. ಹಾಗನ್ನುವವರ ಮನೆಯ ಹೆಂಚು ಬದಲಾದದ್ದು, ತಂಗಿಯ ಮದುವೆಯಾದದ್ದು, ಊರ ದೇವಸ್ಥಾನದ ಜೀರ್ಣೋದ್ಧಾರದ ಕಲ್ಲಿನಲ್ಲಿ ಮೊದಲ ಹತ್ತು ಹೆಸರು ಬಂದದ್ದು ಆ ನರಕದ ದುಡ್ಡಿನಿಂದ. ನಮಗೆ ಸ್ವರ್ಗವಾಗಿ ಕಾಣುವ ಊರಿನಿಂದ ಈಗಲೂ ಹುಡುಗರು ಯಾಕೆ ಬಸ್ಸು ಹತ್ತುತ್ತಾರೆ ಎಂಬುದನ್ನು ನೀವು ಕೇಳಿಕೊಳ್ಳುವುದಿಲ್ಲ, ನಾವು ಹೇಳುವುದಿಲ್ಲ. ಇಬ್ಬರಿಗೂ ಆ ಖಾಲಿ ಅಂಗಳದ ಚಿತ್ರ ಅನುಕೂಲ. ಪ್ರದರ್ಶನದಲ್ಲಿ ಮೊದಲು ಮಾರಾಟವಾದದ್ದೂ ಅದೇ. ಕೊಂಡವರು ಯಾರೆಂದು ತಿಳಿಯದು, ಆದರೆ ಎತ್ತರದ ಮಹಡಿಯ ಒಂದು ಹಾಲಿನಲ್ಲಿ ಅದು ತೂಗುತ್ತಿರುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಒಟ್ಟಿನಲ್ಲಿ ಇದು ಕೈ ಪಳಗಿದ, ಲೆಕ್ಕ ತಪ್ಪಿದ ಪ್ರದರ್ಶನ. ಏಳು ಮಂದಿಗೂ ಬಣ್ಣ ಗೊತ್ತು, ಬೆಳಕು ಗೊತ್ತು. ಗೊತ್ತಿಲ್ಲದ್ದು ಚಿತ್ರಗುಪ್ತನ ಕೆಲಸ: ಯಾರ ಹೆಸರಿನಲ್ಲಿ ಜಮೆ, ಯಾರ ಹೆಸರಿನಲ್ಲಿ ಖರ್ಚು ಎಂದು ಬರೆಯುವುದು. ಮುಂದಿನ ಸಲ ಕರಾವಳಿಯ ಆ ಕಲಾವಿದರು ಅದೇ ಅಂಗಳವನ್ನು ಬರೆಯಲಿ, ಹೆಂಚಿನ ಮೇಲಿನ ಅದೇ ಹಸಿರೂ ಇರಲಿ. ಆದರೆ ಕೊಡದ ಪಕ್ಕದಲ್ಲಿ ನೀರು ಸೇದಿದವಳು ನಿಂತಿರಲಿ, ಭತ್ತದ ಪಕ್ಕದಲ್ಲಿ ಬಡಿದವನು. ಅವರು ಎಲ್ಲಿ ನಿಂತಿದ್ದಾರೆ ಅನ್ನುವುದು ಸರಿಯಾಗಿ ಬಂದರೆ ಸಾಕು. ಅದು ಸ್ವರ್ಗವೋ ನರಕವೋ ಎಂದು ಗೋಡೆಯ ಮೇಲೆ ಚೀಟಿ ಅಂಟಿಸುವ ಅಗತ್ಯ ಬೀಳುವುದಿಲ್ಲ.